ಷರಾ

ವಿಟಿ ಅನ್ನುವುದು ದೇಶದ ಗುರುತು, ಅದು ಉಳಿಯಿತು.
ಆಮೇಲಿನ ಮೂರಕ್ಷರದಲ್ಲಿ ನಡುವಿನದು ಮೊದಲು ಅಳಿಸಿತು.
ಎಣ್ಣಿಯ ಘಾಟಿಗೆ ಯಾವ ಬಣ್ಣ ತಡೆದೀತು?
ನಮ್ಮ ಸೀಮೆಯಲ್ಲಿ ಹತ್ತಿಗೆ ಹೊಡೆಯುವ ವಿಷಕ್ಕೆ ಎಣ್ಣಿ ಎಂದೇ ಹೆಸರು,
ದೀಪಕ್ಕೂ ಅದೇ ಮಾತು, ತಲೆಗೂ ಅದೇ ಮಾತು.

ವರ್ಷಕ್ಕೊಮ್ಮೆ ಸಿಂಧನೂರಿನಿಂದ ಪೇಂಟರ್ ಯಂಕೋಬ
ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದ.
ಲಾರಿಗಳ ಬೆನ್ನಿಗೆ ನವಿಲು ಬರೆದ ಕೈ.
ಇಂಗ್ಲಿಷು ಓದಲು ಬಾರದು, ನೋಡಿ ಇಳಿಸುತ್ತಾನೆ,
ಇಳಿಸುತ್ತ ಅಕ್ಷರದ ಬಾಲಕ್ಕೊಂದು ಬಳ್ಳಿ ತಿರುವುತ್ತಾನೆ.
ತಪಾಸಣೆಗೆ ಬಂದ ಸಾಹೇಬರು ನಿಂತು ಕೆರೆಸಿದರು:
'ವಿಮಾನಕ್ಕೆ ಹೂವು ಬಳ್ಳಿ ಇಲ್ಲ.'
ಅವರ ಜೀಪು ಜವಳಗೇರಿ ದಾಟಿತೋ ಇಲ್ಲವೋ
ಯಂಕೋಬ ಅಂಗಾತ ಮಲಗಿ ಮತ್ತೆ ಬರೆದ,
ಈ ಸಲ ರೆಕ್ಕೆಯ ಅಡಿಗೆ, ಯಾರೂ ನೋಡದಲ್ಲಿ.

ನಾನು ತಗಡಿನ ಶೆಡ್ಡಿನ ಗುಮಾಸ್ತ.
ಹಾರಿದ್ದಕ್ಕೆ ನೀಲಿ ಶಾಯಿ, ಬಿದ್ದದ್ದಕ್ಕೆ ಕೆಂಪು.
ಒಂದೇ ಎಂಜಿನ್, ಒಂದೇ ಆಸನ,
ಪೈಲಟ್ಟಿನ ಮುಂದೆ ಎಣ್ಣಿ ತುಂಬುವ ಹೊಟ್ಟೆ.

ಎಪ್ಪತ್ತೆಂಟು, ಹತ್ತಿ ಕಾಯಿಗಟ್ಟುವ ಹೊತ್ತು.
ಸದರಿ ವಿಮಾನದ ಗಾಲಿಗೆ ಕರೆಂಟಿನ ತಂತಿ ಸಿಕ್ಕಿ
ಮೂರು ಊರಿಗೆ ಎರಡು ರಾತ್ರಿ ಕತ್ತಲು.
ಹಾನಿ: ಬಾಲದ ಗಾಲಿ. ಗಾಯ: ಇಲ್ಲ.

ಎಂಬತ್ತು. ಹದ್ದು.
ಪ್ರೊಪೆಲ್ಲರಿನ ಒಂದು ಅಲಗು ಬಾಗಿತು. ಗಾಯ: ಇಲ್ಲ.
ಹದ್ದಿಗೆ ಕಾಲಂ ಇರಲಿಲ್ಲ.

ಎಂಬತ್ತೊಂದರ ದೀಪಾವಳಿ ಹಿಂದಿನ ದಿನ
ಎಂಜಿನ್ ಆಕಾಶದಲ್ಲೇ ಮೂಕಾಯಿತು.
ಕ್ಯಾಪ್ಟನ್ ದಾರಾಶಾ ಎಡದಂಡೆ ಕಾಲುವೆಯ ಏರಿ ಮೇಲೆ
ಎತ್ತಿನ ಬಂಡಿಗೆ ದಾರಿ ಬಿಟ್ಟು ಇಳಿಸಿದ.
ಸಿಗರೇಟು ತುಟಿಗಿಟ್ಟು, ಕಡ್ಡಿ ಗೀರುವ ಮೊದಲು
ಮೈತುಂಬ ಪೆಟ್ರೋಲೆಂದು ನೆನಪಾಗಿ
ಕಡ್ಡಿಪೆಟ್ಟಿಗೆಯನ್ನು ನೀರಿಗೆಸೆದ.
ಕಾರಣ: ಇಂಧನದಲ್ಲಿ ನೀರು. ಗಾಯ: ಇಲ್ಲ.
ಅವತ್ತು ಎಲ್ಲರೂ ನಕ್ಕೆವು, ಅದನ್ನೂ ಬರೆಯಲಿಲ್ಲ.

ಹೊಲದ ತುದಿಗೆ ನಿಶಾನಿ ಹುಸೇನಪ್ಪ.
ಬಿದಿರುಕೋಲಿಗೆ ಬಿಳಿ ಧೋತರದ ತುಂಡು.
ವಿಮಾನ ಅವನನ್ನೇ ನೋಡಿ ಬರಬೇಕು,
ಬಂದಾಗ ಅವನು ಹದಿನೈದು ಹೆಜ್ಜೆ ಓಡಿ ಸರಿಯಬೇಕು,
ಅಲ್ಲಿ ಮತ್ತೆ ನಿಲ್ಲಬೇಕು.
ಓಡುತ್ತಿರಲಿಲ್ಲ. ತಲೆಯೆತ್ತಿ ನಿಂತೇ ಇರುತ್ತಿದ್ದ.
ಬೈದರೆ, 'ಏನೋ ಬರದಾರ್ರಿ ಅಡೀಗೆ,
ಅರ್ಧ ಓದೂದ್ರಾಗ ಹೊಕ್ಕೈತಿ' ಅನ್ನುತ್ತಿದ್ದ,
ಒದ್ದೆ ರೆಪ್ಪೆ ಒರೆಸಿಕೊಳ್ಳುತ್ತ.
ಅವನ ಕೂಲಿ ದಿನಗೂಲಿ ಪುಸ್ತಕದಲ್ಲಿ,
ವಿಮಾನದ್ದರಲ್ಲಿ ಅಲ್ಲ.

ಎಷ್ಟೋ ಕಾಲದ ಮೇಲೆ ದಿಲ್ಲಿಯಿಂದ ಕಾಗದ:
ನೋಂದಣಿ ರದ್ದಾಗಬೇಕು,
ರದ್ದಾಗಲು ನೋಂದಣಿ ಅಕ್ಷರ ಪೂರ್ತಿ ಬೇಕು.
ವಿಮಾನ ಎಂದೋ ಗುಜರಿಗೆ, ಕಿಲೋ ಲೆಕ್ಕದಲ್ಲಿ.
ಲಾಗ್ ಬುಕ್ಕಿನ ಮೊದಲ ಪುಟ ಗೆದ್ದಲಿಗೆ.
ಮಿಕ್ಕ ಪುಟಗಳಲ್ಲೆಲ್ಲ ನನ್ನದೇ ದುಂಡಕ್ಷರ:
ಸದರಿ ವಿಮಾನ, ಸದರಿ ವಿಮಾನ.
ಬಾಯಲ್ಲಿ ನಾವದನ್ನು ಗುಂಗಾಡ ಅನ್ನುತ್ತಿದ್ದೆವು,
ಆ ಹೆಸರು ದಿಲ್ಲಿಗೆ ನಡೆಯದು.

ಹುಸೇನಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ.
ದನಿಯಿಂದ ಗುರುತು ಹಿಡಿದ, ಮುಖದಿಂದಲ್ಲ.
ಚಹಾದ ಬಸಿ ಎರಡೂ ಕೈಯಲ್ಲಿ ಹಿಡಿದರೂ
ಕಾಲುಭಾಗ ಅಂಗಿಗೆ.
ಕೇಳಿದೆ. ಅವನು ನಕ್ಕ.
'ಹನ್ನೆರಡು ವರ್ಸ ಅದರ ಹೊಟ್ಟಿ ನೋಡೀನ್ರಿ,
ನೀವ್ ಬೆನ್ನು ನೋಡೀರಿ.'
ಬಾಗಿ, ಎರೆಮಣ್ಣಿನ ಧೂಳಿನಲ್ಲಿ
ಬೆರಳಿನಿಂದ ಬರೆದ.
ನಡುಗುವ ಬೆರಳು ಅಲ್ಲಿ ಮಾತ್ರ ನಡುಗಲಿಲ್ಲ.
ಮೊದಲು ಗೆರೆ, ಆಮೇಲೆ ಬಾಗು,
ಕೊನೆಗೆ ಬಾಲ ಹಿಡಿದು
ಯಂಕೋಬನ ಬಳ್ಳಿ, ಎರಡು ಎಲೆ, ಒಂದು ಮೊಗ್ಗು.

ಫಾರಮ್ಮನ್ನು ಮೊಣಕಾಲ ಮೇಲಿಟ್ಟುಕೊಂಡು ತುಂಬಿದೆ.
ಅಪಘಾತ: ಮೂರು. ಗಾಯ: ಇಲ್ಲ.
ಷರಾ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು,
ಶಾಯಿಯ ಒಂದು ಚುಕ್ಕಿ ಹರಡಿತು.
ಬಳ್ಳಿ ಬಿಟ್ಟು
ಅಕ್ಷರವನ್ನಷ್ಟೇ ಇಳಿಸಿಕೊಂಡೆ.