ಬಣ್ಣ ಬಿಡುತ್ತಾ?

ಇಮಾಂಜಾನ್ ಸಾಬರ ಉಗುರು ನೋಡಿದರೆ ಸಾಕು,
ಈ ವಾರ ಯಾವ ಸೀರೆಗೆ ಗಿರಾಕಿ ಎಂದು ಹೇಳಬಹುದು.
ಬುಡದಲ್ಲಿ ಮಾತ್ರ ಹಳೆಯದೊಂದು ನೇರಳೆ,
ದಿನಕ್ಕೈದು ಸಲ ತೊಳೆದರೂ ಬಗ್ಗದ್ದು.

ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿ.
ಹುಳ ಬೆಂದ ವಾಸನೆ ಇಲ್ಲಿ ಗೋಡೆಗೇ ಸೇರಿದ್ದು.
ನಾನು ಒಲೆ ನೋಡುವವನು.

ಭಾನುವಾರ ಅವರ ತಂಗಿಯ ಮಗಳು ಅರ್ಶಿಯಾ ಬಂದಳು.
ಹೋದ ತಿಂಗಳು ಯಾರೂ ಕೊಳ್ಳದ ಡಬಲ್ ಗೂಡು ಎರಡು ಕಿಲೋ
ಲ್ಯಾಬಿಗೆಂದು ಹೊತ್ತುಕೊಂಡು ಹೋಗಿದ್ದವಳು
ಕರ್ಚೀಫಿನ ಮಡಿಕೆಯಿಂದ ತೆಗೆದಳು
ಈರುಳ್ಳಿ ಸಿಪ್ಪೆಯಂಥ ಒಂದು ಚೂರು.
ನೇರ ಹಿಡಿದರೆ ಹಸಿರು.
ಓರೆ ಮಾಡಿದರೆ ನೀಲಿ.

"ಯಾವ ಡಬ್ಬಿಯದು?"
"ಡಬ್ಬಿಯೇ ಇಲ್ಲ ಮಾಮು.
ಮೊದಲು ನೀವು ಮಾಡೋದೇ, ಸೋಡಾದಲ್ಲಿ ಕುದಿಸಿ ಅಂಟು ತೆಗೀತೀವಿ.
ಆಮೇಲೆ ರೇಷ್ಮೇನೇ ಕರಗಿಸಿ..."
"ಕರಗಿಸಿ?"

ಅವರ ಮುಖ ನೋಡಬೇಕಿತ್ತು.
ಒಂದು ಎಳೆ ತುಂಡಾಗದಿರಲೆಂದು
ಬೀದಿಗೆ ಬೀದಿಯೇ ಬಿಸಿನೀರಲ್ಲಿ ಬೆರಳಿಟ್ಟು ಕೂತಿರುವ ಊರು ಇದು.

"ಕಣ್ಣಿಗೆ ಕಾಣದ ಗುಂಡುಗಳು, ಸಂತೇಲಿ ಕಿತ್ತಳೆ ಪೇರಿಸಿದ ಹಾಗೆ.
ಅವುಗಳ ಸಂದಿಗೆ ಸುರೀತೀವಿ.
ಒಣಗಿದ ಮೇಲೆ ಗುಂಡು ತೆಗೆದರೆ
ಉಳಿಯೋದು ತೂತಿನ ಸಾಲು.
ಆ ಸಾಲಿನ ಅಳತೆಗೆ ಕೂಡಿಬಂದ ಬೆಳಕು ವಾಪಸ್ಸು ಬರುತ್ತೆ,
ಮಿಕ್ಕಿದ್ದು ತನ್ನ ದಾರಿ ಹಿಡಿಯುತ್ತೆ."

ಸಾಬರು ಎಲ್ಲ ಕೇಳಿ
ತಮಗೆ ಗೊತ್ತಿದ್ದ ಒಂದೇ ಪರೀಕ್ಷೆ ಮಾಡಿದರು:
ಹೆಬ್ಬೆರಳು ನೀರಿಗದ್ದಿ, ಉಜ್ಜಿದರು.

ಹಸಿರು ಹೋಯಿತು.
ಕನ್ನಡಕದ ಗಾಜಿನ ಹಾಗೆ ಚೂರಿನಾಚೆ ಅಂಗೈ ಗೆರೆ ಕಂಡಿತು.
ಬೆರಳು ತಿರುಗಿಸಿ ನೋಡಿದರು, ಏನೂ ಹತ್ತಿಲ್ಲ.
"ಹೋಗಿದ್ದು ಎಲ್ಲಿಗೆ?"

ಅವರ ಲೆಕ್ಕದಲ್ಲಿ ಹೋದ ಬಣ್ಣ ಎಲ್ಲಾದರೂ ಹತ್ತಲೇಬೇಕು,
ಲುಂಗಿಗೆ, ಮೋರಿಗೆ, ಪಕ್ಕದ ಸೀರೆಯ ಸೆರಗಿಗೆ,
ಕಡೆಗೆ ಬೀಗರ ಬಾಯಿಗೆ.

"ತಾಳಿ," ಎಂದಳು ಅರ್ಶಿಯಾ. ಫ್ಯಾನು ಹಾಕಿದಳು.
ಅಂಚಿನಿಂದ ಒಳಕ್ಕೆ ಮೆಲ್ಲಗೆ ಹಸಿರು ಮರಳಿತು,
ಹುಳು ತಿಂದ ಸೊಪ್ಪು
ತಿರುಗಿ ಎಲೆಯಾಗುತ್ತಿರುವಂತೆ.

ತುಂಬ ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಸಾಬರು:
"ಸರಿ. ತೂತನ್ನ ತೂಕಕ್ಕೆ ಹ್ಯಾಗೆ ಮಾರ್ತೀಯ?"
ಅವಳು ನಕ್ಕು, ಟೀ ಕುಡಿದು, ಚಿಂತಾಮಣಿ ಬಸ್ಸು ಹತ್ತಿದಳು.

ಚೂರು ಈಗ ಲೆಕ್ಕದ ಪುಸ್ತಕದಲ್ಲಿದೆ,
ಧರ್ಮಾವರದವರ ಬಾಕಿ ಬರೆದ ಹಾಳೆಯಲ್ಲಿ.
ಯಾರೂ ಇಲ್ಲದಾಗ (ನಾನು ಲೆಕ್ಕಕ್ಕಿಲ್ಲ)
ತೆಗೆದು ಹಾ ಎಂದು ಉಸಿರು ಬಿಡುತ್ತಾರೆ.
ಮಾಸುತ್ತದೆ. ಕಾಯುತ್ತಾರೆ. ಬರುತ್ತದೆ.
ಮತ್ತೊಮ್ಮೆ.

ಇವತ್ತು ಬೆಳಗ್ಗೆ ಫೋನಿನಲ್ಲಿ ಹೊಸ ಗಿರಾಕಿ:
"ಸಾಬ್ರೇ, ಬಣ್ಣ ಬಿಡುತ್ತಾ?"
ಎಂದಿನ ಆಣೆ ಹಾಕಲಿಲ್ಲ.
ಉಗುರು ನೋಡಿಕೊಂಡು
"ನನ್ನನ್ನಂತೂ ಬಿಟ್ಟಿಲ್ಲಪ್ಪ," ಎಂದು
ಒಲೆ ಹಚ್ಚು ಅಂತ ನನಗೆ ಕೈ ಮಾಡಿದರು.