ವಂದನಾರ್ಪಣೆ

ಒಂಬತ್ತು ವರ್ಷವಾಯಿತು, ನಮ್ಮ ಕ್ಲಬ್ಬಿನಲ್ಲಿ
ವಂದನಾರ್ಪಣೆ ನನ್ನದೇ.
ಸ್ವಾಗತಕ್ಕೆ ಪೈಪೋಟಿ ಉಂಟು, ಪರಿಚಯಕ್ಕೆ ವಶೀಲಿ ಉಂಟು.
ಕೊನೆಯಲ್ಲಿ, ಉಪ್ಪಿಟ್ಟಿನ ಪರಿಮಳ ಮೆಟ್ಟಿಲೇರಿದ ಮೇಲೆ
ಎದ್ದು ನಿಂತು ಕೈಮುಗಿಯುವ ಕೆಲಸಕ್ಕೆ
ಬದಿಯಡ್ಕದಲ್ಲಿ ಬೇರೆ ಯಾರೂ ಸಿಗಲಿಲ್ಲ.

ಸಹಕಾರಿ ಬ್ಯಾಂಕಿನ ಮೇಲಿನ ಮಾಳಿಗೆ, ಮಂಗಳವಾರ, ಸಂಜೆ ಏಳು.
ಅಧ್ಯಕ್ಷರ ಸುತ್ತಿಗೆ ಗಂಟೆಗೆ ಬಿದ್ದೊಡನೆ
ಹಳೆ ಬಿಲ್ಲೊಂದರ ಹಿಂಬದಿ ತೆರೆದು ಕೂರುತ್ತೇನೆ.
ಬಂದವರ ಮಾತಿನಿಂದ ಒಂದಾದರೂ ವಾಕ್ಯ ಹೆಕ್ಕಿಡಬೇಕು,
ಇಲ್ಲದಿದ್ದರೆ ನೆನೆಯುವುದೇನನ್ನು?
ಉಳಿದವರು ತೂಕಡಿಸಬಹುದು.
ವಂದಿಸುವವನಿಗೆ ಆ ಭಾಗ್ಯವಿಲ್ಲ.

ಹೀಗೆ ನನ್ನ ಅಂಗಡಿಯ ಮೊಳೆ, ಬೀಗ, ತಿರುಪುಗಳ ಲೆಕ್ಕದ ಬೆನ್ನಿಗೆ
ಏನೇನೋ ಸೇರಿದೆ.
'ಹೆಬ್ಬಾವಿಗೆ ನಿಮ್ಮ ಮೇಲೆ ಸಿಟ್ಟಿಲ್ಲ': ಅರಣ್ಯ ಇಲಾಖೆಯವರು.
'ಕಿಡ್ನಿ ಬಾಯಿಬಿಟ್ಟು ಹೇಳುವುದಿಲ್ಲ': ಮಂಗಳೂರಿನ ಡಾಕ್ಟರು.
ಆ ದಿನ ಉಪ್ಪಿನಕಾಯಿ ಭರಣಿಯಲ್ಲೇ ಉಳಿಯಿತು.
ಆದಾಯ ತೆರಿಗೆಯವರದು ಒಂದೂ ಬರೆಯಲಾಗಲಿಲ್ಲ,
'ಮನಮುಟ್ಟುವಂತೆ' ಎಂದುಬಿಟ್ಟೆ;
ಟಯರಂಗಡಿ ಮೊಯ್ದೀನ್ ಕುಂಞಿ ಜೋರಾಗಿ ಕೆಮ್ಮಿದರು.

ನಡುನಡುವೆ ಕನ್ನಡಕದ ಶಿಬಿರ, ರಕ್ತದ ಶಿಬಿರ
(ಲಿಲ್ಲಿ ಕ್ರಾಸ್ತಾ ಸಿಸ್ಟರು ಸೂಜಿ ತೆಗೆದ ಗಳಿಗೆಗೇ
ಖಜಾಂಚಿ ನಾರ್ಣಪ್ಪ ಶೆಟ್ಟಿಗಾರರಿಗೆ ಅರ್ಜೆಂಟು ಫೋನು),
ಬಸ್ಸು ಕಾಯುವಲ್ಲಿ ಒಂದು ಬೆಂಚು,
ಆಸ್ಪತ್ರೆಗೆ ಎರಡು ಗಾಲಿಕುರ್ಚಿ.
ಕೂರುವವರ ಬೆನ್ನಿಗಿಂತ ಅಗಲ ನಮ್ಮ ಹೆಸರು.

ಮಾರ್ಚಿನಲ್ಲಿ ನೀರಿನ ದಿನ ಬಂತು.
ಸುರಂಗ ಕೊರೆಯುವ ಕುಂಞಂಬು ಅವರನ್ನು ಕರೆಸಿದೆವು.
ಪರಿಚಯಿಸುವವರ ಕಾಗದ ಚೀಟಿಯಷ್ಟೇ ಇತ್ತು:
ಓದಿದ್ದು ಎರಡನೇ ಕ್ಲಾಸು, ಪ್ರಶಸ್ತಿ ಇಲ್ಲ,
ಕೊರೆದದ್ದು ನೂರ ಹದಿನಾರು.
ಮೈಕು ಹಿಡಿದು, ಯಾವ ಭಾಷೆಯಲ್ಲಿ ಆಗಬೇಕು ಎಂದರು.
ತುಳು ಎಂದರು ಹಿಂದಿನ ಸಾಲು, ಮಲಯಾಳವೂ ಅಡ್ಡಿಯಿಲ್ಲ,
ಕನ್ನಡವೇ ಇರಲಿ ಎಂದರು ಅಧ್ಯಕ್ಷ ಕಡಂಬಳಿತ್ತಾಯರು.
ಮೂರನ್ನೂ ಒಂದೊಂದು ಮಾತು ಎತ್ತಿ ನೋಡಿ
ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರು.

'ಗುಡ್ಡೆಯ ಒಳಗೆ ಹೇಳಲಿಕ್ಕೆ ಎಂಥದ್ದುಂಟು? ಕೇಳಲಿಕ್ಕೆ ಉಂಟು.
ಲೈಟು ಒಮ್ಮೆ ಆಫ್ ಮಾಡಿ. ಫ್ಯಾನೂ.'

ಕತ್ತಲು.
ಮೊದಲು ಮಾರ್ಗದಲ್ಲಿ ಒಂದು ಆಟೋ ಹೋಯಿತು.
ಆಮೇಲೆ ಯಾರದೋ ಹೊಟ್ಟೆ ಗುಡುಗಿತು.
'ಪಿಕ್ಕಾಸು ನಿಲ್ಲಿಸಿ ಕೂರುವುದು.
ಮೊಂಬತ್ತಿ ಉಂಟಾದರೆ ನಾವೂ ಉಂಟು ಅಂತ ಲೆಕ್ಕ.
ಮುರಕಲ್ಲು ಬೆವರುವ ಮೊದಲು ಒಂದು ಶಬ್ದ ಬರುತ್ತದೆ.'
ಇಪ್ಪತ್ತೆಂಟು ಮಂದಿ ಉಸಿರು ಸಣ್ಣ ಮಾಡಿದೆವು.

ಟಿಕ್.

ಗೋಡೆಯ ಆಚೆಯಿಂದ.

ಟಿಕ್.

ಕೈತೊಳೆಯುವ ನಲ್ಲಿ ಅದು, ಎಲ್ಲರಿಗೂ ಗೊತ್ತು.
ಎಷ್ಟೋ ತಿಂಗಳಿಂದ ಸೋರುತ್ತಿತ್ತು. ಯಾರೂ ನಗಲಿಲ್ಲ.
ಒಂದಕ್ಕೂ ಇನ್ನೊಂದಕ್ಕೂ ನಡುವೆ
ನಾವು ಎಷ್ಟು ದೂರ ತೆವಳಿದೆವೋ.
ಲೆಕ್ಕದ ಮನುಷ್ಯ ನಾರ್ಣಪ್ಪನವರು
ನನ್ನ ಮೊಣಕೈ ಹಿಡಿದುಕೊಂಡರು.

ಲೈಟು ಬಂತು. ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ.
ನನ್ನ ಸರದಿ. ಬಿಲ್ಲಿನ ಹಿಂಬದಿ ಬಿಳಿ ಬಿಳಿ.
ಸುಮ್ಮನೆ ಕೈಮುಗಿದೆ. ಅವರೂ ಮುಗಿದರು.
ಅವರ ಅಂಗೈಗಳು ಪೂರಾ ಕೂಡುವುದಿಲ್ಲ,
ನಡುವೆ ಹಿಡಿಯ ದಪ್ಪದ ಜಾಗ ಉಳಿದಿದೆ.
ನಡಾವಳಿಯಲ್ಲಿ ಕಾರ್ಯದರ್ಶಿ
ಎಂದಿನಂತೆ 'ವಂದಿಸಿದರು' ಎಂದೇ ಬರೆದಿದ್ದಾರೆ.

ಮುಂದಿನ ಮಂಗಳವಾರ ಅರ್ಧ ಗಂಟೆ ಮೊದಲೇ ಹೋದೆ,
ಅಂಗಡಿಯಿಂದ ಒಂದು ಸ್ಪಾನರು, ಅರ್ಧ ಇಂಚಿನ ವಾಷರು.
ಆರು ರೂಪಾಯಿ; ಕ್ಲಬ್ಬಿನ ಲೆಕ್ಕಕ್ಕೆ ಹಾಕಲಿಲ್ಲ.
ನೀರು ಪೋಲಾಗಬಾರದಲ್ಲ, ನೀರಿನ ದಿನ ಮಾಡಿದವರು ನಾವು.

ಆ ವಾರದ ಅತಿಥಿ ಮ್ಯೂಚುವಲ್ ಫಂಡಿನವರು.
ಅವರು ಗ್ಲಾಸೆತ್ತಿ ಗುಟುಕು ನೀರು ಕುಡಿಯುವಾಗ
ಹತ್ತಾರು ತಲೆ ಗೋಡೆಯ ಕಡೆ ತಿರುಗಿದವು.
ಏನೂ ಇಲ್ಲ.
ನಾನು ಬಿಲ್ಲಿನ ಮೇಲೆ ಕಣ್ಣು ನೆಟ್ಟು ಕೂತಿದ್ದೆ,
ಜೇಬಿನಲ್ಲಿ ಸವೆದ ವಾಷರು, ಇನ್ನೂ ಒದ್ದೆ.