ಳಕಾರ

ಗುಡಿಬಂಡೆಯ ಬೆಟ್ಟದ ಹಿಂದೆ, ಹುಣಿಸೆಮರ ದಾಟಿ,
ಕುರಿ ಕಾಯುವವರು ಕೂತು ಎಲೆಯಡಿಕೆ ಹಾಕಿಕೊಳ್ಳುವ
ಒಂದು ಕಲ್ಲಿದೆ.
ಅದರಡಿ ಮಲಗಿರುವವರಿಗೆ ನಮ್ಮ ಭಾಷೆಯ ಒಂದಕ್ಷರ
ಕೊನೆತನಕ ಬರಲಿಲ್ಲ.

ಹಡಗು ಹತ್ತುವಾಗ ಹೆಸರು ಹ್ಯಾಲಿವೆಲ್.
ಬಂದಿಳಿದ ವಾರಕ್ಕೇ ಹುಡುಗರು ಅದನ್ನು ಒಡೆದು ನೋಡಿದರು,
ಒಳಗೆ ಹಲ್ಲಿ ಸಿಕ್ಕಿತು.
ಬಿಳಿಚಿದ ಮೈ, ಉದ್ದ ಕತ್ತು, ಗೋಡೆಗೆ ಅಂಟಿ ನಿಲ್ಲುವ ಚಾಳಿ.
ಹಲ್ಲಿ ಪಾದ್ರಿ ಅಂದರು. ಅಲ್ಲಿಗೆ ನಾಮಕರಣ ಮುಗಿಯಿತು.

ಮುನ್ಷಿ ನಂಜುಂಡಾರಾಧ್ಯರು ಬೆಳಗಿನ ಹೊತ್ತು ಕಲಿಸುವರು:
ನಾಲಿಗೆ ಮಡಿಸಿ ದೊರೆ. ಇನ್ನೂ ಹಿಂದಕ್ಕೆ. ಅಂಗುಳಿಗೆ ತಾಗಲಿ. ಳ.
ಲ.
ಬಾಯಲ್ಲಿ ಅಡಿಕೆ ಇಟ್ಟುಕೊಳ್ಳಿ. ಳ.
ಲ.
ಸಂಬಳದ ಮಾತು, ಮುನ್ಷಿ ನಗಲಿಲ್ಲ.

ಸಂತೆಯ ದಿನ ಹುರಿಗಡಲೆ ಅಂಗಡಿ ಪಕ್ಕ ಮುಕ್ಕಾಲಿ ಹತ್ತಿ
ಮೊದಲ ಉಪದೇಶ: "ದೇವರು ಹೇಲಿದನು."
ಮತ್ತೆ, ಗಟ್ಟಿಯಾಗಿ, ತೋಳು ಚಾಚಿ,
"ದೇವರು ಲೋಕಕ್ಕೆಲ್ಲ ಹೇಲಿದನು."
ಸಂತೆಗೆ ಸಂತೆಯೇ ಹೊಟ್ಟೆ ಹಿಡಿದು ಕೂತಿತು,
ಬಳೆಗಾರನ ಮಲಾರ ಜಾರಿತು.
ಸುವಾರ್ತೆಗೆ ಊರು ಹಿಗ್ಗಿತೆಂದು ಅವರೂ ನಕ್ಕರು.
ಆ ರಾತ್ರಿಯ ಡೈರಿ: ಬಹಳ ಆನಂದದಿಂದ ಕೇಳಿದರು.
ಮೂರು ದಿನ ಬಿಟ್ಟು ಮುನ್ಷಿ ಅರ್ಥ ಬಿಡಿಸಿದರಂತೆ,
ಕಿಟಕಿಯ ಕಡೆ ಮುಖ ಮಾಡಿಕೊಂಡು.
ಮುಂದಿನ ಸಂತೆಗೆ ಮತ್ತೆ ಅದೇ ಮುಕ್ಕಾಲಿ, ಅದೇ ಮನುಷ್ಯ.
ನಂಬಿಕೆ ಎಂದರೆ ನನಗೆ
ಆ ಮುಂದಿನ ಸಂತೆ.

ಮೋಡ ಕಟ್ಟಿಕಟ್ಟಿ ಚದುರಿದ ವರ್ಷ
ಕೆರೆಯಂಗಳದಲ್ಲಿ ಮಂಡಿಯೂರಿ "ಮಲೆ ಕೊಡು ತಂದೆ" ಅಂದರು.
"ಇರೋ ಬೆಟ್ಟನೇ ಸಾಕು ಸಾಮಿ," ಅಂದಳು ಮಾರಕ್ಕ,
"ಇನ್ನೊಂದ್ ಕೊಟ್ರೆ ಎಮ್ಮೆ ಎಲ್ಲಿ ಕಟ್ಲಿ?"

ಲಂಡನ್ನಿಗೆ ವರ್ಷಕ್ಕೊಮ್ಮೆ ಲೆಕ್ಕ ಹೋಗಬೇಕು.
ಕ್ವಿನೈನು ಖರ್ಚು ಇಷ್ಟು. ಕಿತ್ತ ಹಲ್ಲು ಇನ್ನೂರ ಹದಿಮೂರು.
ನಾರುಹುಣ್ಣು ನಲವತ್ತು.
ಆತ್ಮಗಳು ಎಂಬ ಅಂಕಣದಲ್ಲಿ ಒಂದು ಸಣ್ಣ ಗೆರೆ.
ಹನ್ನೊಂದು ವರ್ಷ, ಗೆರೆ.
ಹನ್ನೆರಡನೆಯದರಲ್ಲಿ, ಒಂದು.

ಅದು ನಮ್ಮಜ್ಜಿಯ ತಾಯಿ ಚೌಡಕ್ಕ; ನೀರು ಬಿದ್ದ ಮೇಲೆ ತಬಿಥಾ.
ಉಪದೇಶ ಕೇಳಿ ಬಂದೆಯಾ ಎಂದರೆ
"ಅಯ್ಯೋ, ಅವರ ಮಾತು ಯಾರಿಗ್ ತಿಳೀತಿತ್ತು!
ನನ್ ಕಾಲಲ್ಲಿದ್ದ ಹುಳ ತೆಗೆದ್ರು.
ಬೆಂಕಿಕಡ್ಡಿಗೆ ಸುತ್ತಿ ಸುತ್ತಿ, ದಿನಕ್ಕೊಂದು ಅಂಗುಲ, ಹರೀದಂಗೆ.
ಹದಿನೇಳು ದಿನ ನಮ್ಮ ಕೇರಿಗೆ ಬಂದ್ರು.
ಎಳೆಯೋವಾಗ ತುಟಿ ಅಲ್ಲಾಡೋದು, ಲ ಲ ಲ ಅಂತ."
ಪ್ರಾರ್ಥನೆಯೋ, ಮುನ್ಷಿ ಕೊಟ್ಟ ಪಾಠವೋ,
ಅವಳಿಗೂ ಗೊತ್ತಿಲ್ಲ. ಅವಳು ಕೇಳಲೂ ಇಲ್ಲ.

ಇನ್ನೊಂದು ಕಥೆ, ಇದು ಮುನ್ಷಿಯ ಮನೆಯವರದು:
ಜ್ವರದ ಒಂದು ರಾತ್ರಿ ಪಾದ್ರಿ ಕತ್ತಲಿಗೆ ಅಂದರಂತೆ,
ಕನ್ನಡದಲ್ಲೇ, "ನೀನಿಲ್ಲ."
ಸುಮಾರು ಹೊತ್ತಾದ ಮೇಲೆ, "ಇದ್ದೀ."
ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.
ಯಾವ ಮಾತಿಗೆ?
ಜಗುಲಿಯಲ್ಲಿದ್ದ ಮುನ್ಷಿ ಮಾತ್ರ ನೆಲ ಕುಟ್ಟಿ
"ನಿಜ, ನಿಜ, ಶಿವ ಶಿವಾ" ಎಂದು ಮಗ್ಗುಲಾದರು.
ಬೆಳಿಗ್ಗೆ ಇಬ್ಬರೂ ಆ ಮಾತೆತ್ತಲಿಲ್ಲ.
ಪಾಠ ನಡೆಯಿತು. ಳ. ಲ.

ಸತ್ತಾಗ ಕಲ್ಲು ಕೊರೆದವನು ಪೆದ್ದನ್ನ, ಓದು ಬಾರದವನು,
ಮುನ್ಷಿ ಸುಣ್ಣದಲ್ಲಿ ಬರೆದುಕೊಟ್ಟದ್ದರ ಮೇಲೆ ಉಳಿ ನಡೆಸಿದ.
ಮುನ್ಷಿಗೆ ಆಗಲೇ ಎಪ್ಪತ್ತು ದಾಟಿತ್ತು, ಕಣ್ಣು ಮಂಜು.
ಬೇಕೆಂದೇ ಬರೆದರೋ, ಕೈ ಜಾರಿತೋ.
ಹಲ್ಲಿ ಅಲ್ಲ ಅಲ್ಲಿರುವುದು,
ಹಳ್ಳಿ.
ಹಳ್ಳಿವೆಲ್ ಪಾದ್ರಿಗಳು.
ಒಂದರ ಕಾಲಿಗೊಂದು ಕಟ್ಟಿದಂತೆ ಎರಡೆರಡು ಳ.

ಮೊನ್ನೆ ಹೋಗಿದ್ದೆ. ಮಳೆ ಬಂದು ನಿಂತಿತ್ತು.
ಕೊರೆದ ಸುಳಿಯಲ್ಲಿ ಒಂದಿಷ್ಟು ನೀರು,
ಅಂಚಿನಲ್ಲಿ ಸಾಲಾಗಿ ಇರುವೆ,
ಬಗ್ಗಿ ಕುಡಿಯುತ್ತಿದ್ದವು.